ಮಲ್ಲೇಶಣ್ಣನ ಕಿವಿಯ ಹಿಂದೆ

ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್. ಅದರ ತುದಿಯನ್ನು ಪೈಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಮಲ್ಲೇಶಣ್ಣ ಕಣ್ಣು ಮುಚ್ಚಿದರೆಂದರೆ ಪಂಪ್ ಹೌಸಿನಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. "ಇಲ್ಲಿ ಅಗೀರಿ" ಎನ್ನುತ್ತಿದ್ದರು. ಅಗೆದರೆ ಅಲ್ಲೇ ಸೋರಿಕೆ. ಸುಂಟಿಕೊಪ್ಪದ ಸುತ್ತಿನ ತೋಟಗಳಲ್ಲಿ ಪಂಪು, ಪೈಪು ರಿಪೇರಿ ಮಾಡುತ್ತಿದ್ದ ಅವರ ಕಿವಿ ಒಮ್ಮೆಯೂ ತಪ್ಪಲಿಲ್ಲ ಎಂದು ನನ್ನ ನೆನಪು. ತಪ್ಪಿದ ದಿನಗಳನ್ನು ನಾನು ಮರೆತಿರಲೂಬಹುದು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಬೇರೆಯವರ ಕಿವಿಯನ್ನು ಹೇಗೆ ನಂಬುವುದಿಲ್ಲವೋ ಹಾಗೆಯೇ ನನ್ನ ನೆನಪನ್ನೂ ನಂಬುವುದಿಲ್ಲ.

"ಮೇಷ್ಟ್ರೇ, ನೀವು ಪುಸ್ತಕ ಓದಿ, ನಾನು ಪೈಪು ಓದ್ತೀನಿ" ಎಂದು ಛೇಡಿಸುತ್ತಿದ್ದರು. ಏದುಸಿರು ಬಿಡುವ ಪಂಪಿಗೆ "ಇದ್ಕೆ ಉಬ್ಸ" ಎನ್ನುವರು. ರಿಪೇರಿಯಾದ ಮೇಲೆ ಅದರ ಬೆನ್ನು ತಟ್ಟುವರು.

ಆ ವರ್ಷ ನಮ್ಮ ಕಾಫಿಗೆ, ಮೊಗ್ಗು ಅರಳಲೆಂದು ಬೇಸಿಗೆಯಲ್ಲಿ ಕೊಡುವ ಹೂವಿನ ನೀರು ಹಾಯಿಸುತ್ತಿದ್ದೆವು. ಅರ್ಧ ತೋಟ ಮುಗಿದಿತ್ತು; ಪಂಪು ನಡೆಸಲು ಮಲ್ಲೇಶಣ್ಣನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಕೆರೆ ದಡದಲ್ಲಿ ಮಲ್ಲೇಶಣ್ಣ ಇದ್ದಕ್ಕಿದ್ದಂತೆ, "ಮೇಷ್ಟ್ರೇ, ನನ್ ತಲೇಲಿ ಒಂದು ಲೀಕ್ ಅದೆ" ಎಂದರು.

"ಅದು ಊರಿಗೇ ಗೊತ್ತು" ಎಂದೆ.

"ನಗಬ್ಯಾಡಿ. ಕಿವಿ ಹಿಂದೆ ಸುಯ್ ಸುಯ್ ಅಂತದೆ. ನಾಡಿ ಹಿಡ್ದು ನೋಡ್ದೆ, ಎರಡೂ ಒಂದೇ ತಾಳ. ತಗಳಿ, ನೀವೇ ಕೇಳಿ."

ವರ್ಷಗಟ್ಟಲೆ ಎಂಜಿನ್ ಪಕ್ಕ ಕೂತವರ ಕಿವಿ ಹಾಗೇ ಎಂದು ಹೇಳುತ್ತಲೇ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಅವರ ಬಲಗಿವಿಯ ಹಿಂದಿನ ಮೂಳೆಗೆ ಮೆಲ್ಲಗೆ ತಾಗಿಸಿ ಹಿಡಿಗೆ ಕಿವಿಗೊಟ್ಟೆ. ಸುಯ್. ಸುಯ್. ನನ್ನ ನಗು ನಿಂತಿತು. ಅವರ ಹೆಂಡತಿ ಗೌರಕ್ಕ ಬುತ್ತಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

ಆಮೇಲೆ ನಾನೇನು ಹೇಳಿದೆ? "ಡಾಕ್ಟರಿಗೆ ತೋರಿಸಿ" ಎಂದದ್ದು ಖಂಡಿತ. "ಇನ್ನೆರಡು ದಿನದ ನೀರು ಮುಗಿಸಿಕೊಂಡು" ಎಂದು ಸೇರಿಸಿದೆನೇ? ಸೇರಿಸಿದೆ ಎಂದೇ ಅನ್ನಿಸುತ್ತದೆ. ನೀರು ಅರ್ಧಕ್ಕೆ ನಿಂತರೆ ಉಳಿದರ್ಧ ತೋಟದ ಮೊಗ್ಗು ಒಣಗಿಹೋಗುತ್ತಿತ್ತು.

ಮರುದಿನ ಮಲ್ಲೇಶಣ್ಣ ಪಂಪಿನ ಪಕ್ಕದಲ್ಲೇ ವಾಂತಿ ಮಾಡಿಕೊಂಡು ಬಿದ್ದರು. ನಾನೂ ಗೌರಕ್ಕನೂ ಕಾರಿನಲ್ಲಿ ಮೈಸೂರಿಗೆ ಒಯ್ದೆವು. ಮೆದುಳಿನ ಹೊದಿಕೆಯಲ್ಲಿ ಒಂದು ಅಪಧಮನಿ ನೇರವಾಗಿ ಅಭಿಧಮನಿಗೆ ಸೇರಿಬಿಟ್ಟಿದೆ, ಆ ಒತ್ತಡ ತಾಳದೆ ಅಭಿಧಮನಿ ಒಡೆದಿದೆ ಎಂದರು ಡಾಕ್ಟರು. ತೊಡೆಸಂದಿನ ರಕ್ತನಾಳದಿಂದ ಕೂದಲಿನಂಥ ನಳಿಗೆಯನ್ನು ತಲೆಯವರೆಗೆ ಹಾಯಿಸಿ, ಅಂಟಿನಂಥ ದ್ರವ ಬಿಟ್ಟು ಆ ಕೂಡಿಕೆಯನ್ನು ಮುಚ್ಚಿದರು. ಜೀವ ಉಳಿಯಿತು. ಎಡಗೈ ಮಾತ್ರ ಹಿಡಿತಕ್ಕೆ ಬರಲಿಲ್ಲ.

ಊರಿಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅವರೇ ವಿವರಿಸುವರು: "ಡೆಲಿವರಿ ಲೈನನ್ನ ಸೀದಾ ವಾಪಸ್ ಲೈನಿಗೆ ಸೇರ್ಸಿದಂಗೆ ಆಗಿತ್ತು. ಒಂದಡಿನೂ ಅಗೀದೆ ಮುಚ್ಚವ್ರೆ ನೋಡಿ! ಅದು ಕೆಲ್ಸ."

ಕೊನೆಯ ಸಲ ಹೋದಾಗ ತಡೆಯಲಾಗದೆ ಕೇಳಿದೆ: "ಮಲ್ಲೇಶಣ್ಣ, ಆವತ್ತು ನೀರು ಮುಗಿಸಿ ಹೋಗಿ ಅಂದದ್ದು ನಾನೇ ಅಲ್ವಾ?"

"ಥೋ ಬುಡಿ. ನೀವು ಈಗ್ಲೇ ಹೋಗಿ ಅಂದ್ರಿ. ಹೂ ಕೆಡ್ತದೆ ಅಂತ ನಾನೇ ನಿಂತೆ."

ಕಾಫಿ ತಂದ ಗೌರಕ್ಕ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಆಮೇಲೆ ಲೋಟವನ್ನು ನನ್ನ ಮುಂದಿಟ್ಟು ಒಳಗೆ ಹೋದರು.

ತಾನು ಬಿದ್ದ ವಾರದ್ದು ಒಂದೂ ನೆನಪಿಲ್ಲ ಎಂದು ಆಸ್ಪತ್ರೆಯಲ್ಲಿ ನನಗೆ ಹೇಳಿದ್ದವರು ಇದೇ ಮಲ್ಲೇಶಣ್ಣ.

ಹೊರಡುವಾಗ ಸ್ಕ್ರೂಡ್ರೈವರ್ ಕೊಟ್ಟು ತಲೆ ಬಗ್ಗಿಸಿದರು. ಕೇಳಿದೆ. ಸದ್ದಿರಲಿಲ್ಲ. "ನಿಂತಿದೆ" ಎಂದೆ. "ಹಂಗಾರೆ ಅದ್ನ ನೀವೇ ಇಟ್ಕಳಿ. ಒಂಟಿ ಕೈಲಿ ನಂಗೇನು ಕೆಲ್ಸ?" ಎಂದರು. ಆ ಮಳೆಗಾಲದಲ್ಲಿ ಅವರ ಹೃದಯ ನಿಂತಿತು.

ಈಗಲೂ ನೀರು ಹಾಯಿಸುವಾಗ ಆ ಸ್ಕ್ರೂಡ್ರೈವರನ್ನು ಪೈಪಿಗೆ ಒತ್ತಿ ಕೇಳುತ್ತೇನೆ. ಏನೋ ಸುಯ್ಗುಡುತ್ತದೆ; ನೀರೋ, ನನ್ನದೇ ರಕ್ತವೋ ತಿಳಿಯದು. ಆವತ್ತು ಕೆರೆ ದಡದಲ್ಲಿ ಇದ್ದವರಲ್ಲಿ ನನ್ನನ್ನು ಬಿಟ್ಟರೆ ಗೌರಕ್ಕ ಇನ್ನೂ ಇದ್ದಾರೆ. ಕೇಳಿದರೆ ಇದ್ದದ್ದನ್ನು ಹೇಳುವ ಹೆಂಗಸು. ಸಂತೆಯ ದಿನ ಸಿಗುತ್ತಾರೆ. ಈ ಸಲ ಮಳೆ ಹೇಗೋ ಏನೋ ಎಂದಷ್ಟೇ ಮಾತಾಡಿ ಬರುತ್ತೇನೆ.