ಹುಲ್ಲು ತುಂಬಿದ ಕರು

ಶೆಟ್ಟಿಹಳ್ಳಿಯ ನಮ್ಮ ಕೊಟ್ಟಿಗೆಗೆ ಈಗ ಮೂರು ಕಡೆ ಅಪಾರ್ಟ್‌ಮೆಂಟಿನ ಗೋಡೆ. ಬಾಲ್ಕನಿಯಲ್ಲಿ ನಿಂತು ಸಗಣಿ ವಾಸನೆಗೆ ಮೂಗು ಮುಚ್ಚಿಕೊಳ್ಳುವವರೇ ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಬರುತ್ತಾರೆ. ಪ್ಯಾಕೆಟ್ ಹಾಲು ಅವರಿಗೆ ಆಗದು, ಕಣ್ಣೆದುರು ಕರೆದದ್ದೇ ಬೇಕು. ಕಣ್ಣೆದುರು ಇನ್ನೇನೇನಾಗುತ್ತದೆ ಎಂದು ನೋಡುವ ತಾಳ್ಮೆ ಮಾತ್ರ ಯಾರಿಗೂ ಇಲ್ಲ.

ಹೋದ ವರ್ಷ ನಮ್ಮ ಸೀಮೆಹಸು ಕರು ಹಾಕಿತು. ಅತ್ತೆ ಬಾಲ ಎತ್ತಿ ನೋಡಿದರು. ನನಗೆ ಎರಡನೆಯದೂ ಹೆಣ್ಣಾದಾಗ ಮಾಡಿದ ಮುಖವನ್ನೇ ಮಾಡಿದರು. ಕೊಟ್ಟಿಗೆಯಲ್ಲಿ ತಪ್ಪು ಗಂಡಾಗಿ ಹುಟ್ಟುವುದು, ಅಷ್ಟೇ ವ್ಯತ್ಯಾಸ. ಉಳುವುದಕ್ಕೆ ಹೊಲವಿಲ್ಲ, ಕೊಳ್ಳುವವರಿಲ್ಲ, ಸಾಕಿದರೆ ಅದು ಕುಡಿದಷ್ಟೂ ನಷ್ಟ.

“ಕೆಚ್ಚಲಿಗೆ ಬಾಯಿ ಆಕ್ಸು. ಆಲು ಇಳೀತಿದ್ದಂಗೆ ಎಳ್ಕೊಂಡ್ ಬಂದು ಕಟ್ಟಾಕು. ಒಟ್ಟೆ ತುಂಬ ಕುಡಿಸ್ಬೇಡ,” ಎಂದರು.

“ಸತ್ತೋಗಲ್ವಾ ಅತ್ತೆ?”

“ನಾವೇನ್ ಸಾಯಿಸ್ತೀವಾ? ಕಟ್ಟಾಕಿರ್ತೀವಿ. ಮಿಕ್ಕಿದ್ದು ದೇವ್ರಿಚ್ಛೆ ಕಣಮ್ಮಿ.”

ಕೊಲ್ಲುವುದು ಪಾಪ. ನಮ್ಮ ಮನೆಯಲ್ಲಿ ಗೋಪೂಜೆ ಒಂದು ವರ್ಷವೂ ತಪ್ಪಿಲ್ಲ. ಹಾಗಾಗಿ ಹಗ್ಗ ನನ್ನ ಕೈಗೆ ಬಂತು.

ಮೊದಲ ಮೂರು ದಿನದ್ದು ಗಿಣ್ಣುಹಾಲು. ಅದು ಕರುವಿನ ಪ್ರಾಣ ಉಳಿಸುವ ಹಾಲೆಂದು ದನ ಕಟ್ಟಿದ ಯಾರಿಗೆ ಗೊತ್ತಿಲ್ಲ? ಆದರೆ ಅಕ್ಕಪಕ್ಕದವರಿಗೆ ಗಿಣ್ಣು ಹಂಚುವುದು ನಮ್ಮ ವಾಡಿಕೆ, ಅಪಾರ್ಟ್‌ಮೆಂಟಿನವರು ಹಸು ಗಬ್ಬವಿರುವಾಗಲೇ ಹೇಳಿಟ್ಟಿರುತ್ತಾರೆ. ಪಾತ್ರೆ ಹಿಡಿದು ನಾನೇ ಲಿಫ್ಟ್ ಹತ್ತಿದೆ. ಅದರಲ್ಲಿ ಒಂದು ಚೊಂಬು ಕರುವಿಗೆ ಕುಡಿಸಿದ್ದರೆ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಸುಳ್ಳೇಕೆ, ಗೊತ್ತಾಗುತ್ತಿತ್ತು, ಬೈಯುತ್ತಿದ್ದರು, ಅಷ್ಟೇ. ನಾಲ್ಕು ಬೈಗುಳಕ್ಕೆ ಹೆದರಿ ನಾನು ಕುಡಿಸಲಿಲ್ಲ. ಉಳಿದ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದೆ. ಚೆನ್ನಾಗಿತ್ತು. ಕರು ಕೂಗುವುದು ಅಡುಗೆಮನೆಗೆ ಕೇಳುತ್ತಿತ್ತು, ನಾನು ಎರಡನೇ ಸಲ ಹಾಕಿಕೊಂಡೆ.

ಐದನೇ ದಿನ ಮಧ್ಯಾಹ್ನ ಅದು ನನ್ನ ಬೆರಳು ಚೀಪುತ್ತಾ ಚೀಪುತ್ತಾ ನಿಲ್ಲಿಸಿಬಿಟ್ಟಿತು.

ಕರುವಿಲ್ಲದೆ ಹಸು ಹಾಲಿಳಿಸಲಿಲ್ಲ. ಅತ್ತೆ ಅದನ್ನೂ ಯೋಚಿಸಿಯೇ ಇದ್ದರು. ಸತ್ತ ದನ ಒಯ್ಯುವವನಿಂದ ಕರುವಿನ ಚರ್ಮ ಸುಲಿಸಿ, ಉಪ್ಪು ತಿಕ್ಕಿ ಒಣಗಿಸಿ, ರಾಗಿಹುಲ್ಲು ತುಂಬಿ ದಬ್ಬಣದಲ್ಲಿ ಹೊಲಿದರು. ನಾಲ್ಕು ಕೋಲು ಸಿಕ್ಕಿಸಿ ಹಸುವಿನ ಮುಂದೆ ನಿಲ್ಲಿಸಿದರು. ಹಸು ಮೂಸಿತು. ಆಮೇಲೆ ನೆಕ್ಕತೊಡಗಿತು. ಹಾಲು ಧಾರೆಯಾಗಿ ಇಳಿಯಿತು. ನಾನು ಬಕೆಟ್ ಹಿಡಿದೆ.

ಒಂದು ದಿನ ಗಿರಾಕಿ ಹೆಂಗಸೊಬ್ಬರು ಗೇಟಿನಾಚೆಯಿಂದಲೇ ಮೊಬೈಲ್ ಎತ್ತಿದರು. “ಎಷ್ಟ್ ಮುದ್ದಾಗಿ ನಿಂತಿದೆ ನೋಡ್ರೀ! ನೀವು ಕರೂನ ತಾಯಿ ಹತ್ರಾನೇ ಬಿಡ್ತೀರ. ಅದಕ್ಕೇ ನಾವು ಬೇರೆ ಕಡೆ ಹಾಲು ತಗೊಳಲ್ಲ.”

“ಹೌದು ಮೇಡಂ,” ಎಂದೆ, ಅದು ಪಕ್ಕಕ್ಕೆ ವಾಲದಂತೆ ಹಿಡಿದುಕೊಂಡು.

ಅತ್ತೆಗೆ ಈಗ ಮಂಡಿ ನೋವು, ಕೊಟ್ಟಿಗೆ ನನ್ನದು. ಅದೇ ಹಸು ಮತ್ತೆ ಗಬ್ಬವಾಗಿದೆ. ನೆಕ್ಕಿ ನೆಕ್ಕಿ ಕೂದಲು ಸವೆದ ಆ ಚರ್ಮವನ್ನು ಬಿಸಾಡಬೇಕೆಂದು ಮೊನ್ನೆ ಅಟ್ಟದಿಂದ ಇಳಿಸಿದೆ. ಹೊಲಿಗೆ ಬಿಚ್ಚಿ, ಹಳೆಯ ಹುಲ್ಲು ತೆಗೆದು, ಹೊಸದು ತುಂಬಿ ಮತ್ತೆ ಮೇಲಿಟ್ಟೆ.