ತೋಳ ಹಾಡುವುದಿಲ್ಲ

ಪರದೆಯ ಮೇಲೆ ಬಂದ ತೋಳ ಹಳದಿ ಚಡ್ಡಿ ಹಾಕಿಕೊಂಡಿತ್ತು. ಕೈಯಲ್ಲಿ ಗಿಟಾರು, ಬಾಯಿ ತುಂಬ ನಗು. "ಐ ಆ್ಯಮ್ ಎ ವುಲ್ಫ್, ಐ ಲವ್ ಟು ಸಿಂಗ್, ಊ ಊ ಊ, ಡಿಂಗ್ ಡಿಂಗ್ ಡಿಂಗ್" ಎಂದು ಅದು ಸೊಂಟ ಕುಣಿಸಿತು. ಜಮಖಂಡಿಯ ತರಬೇತಿಗೆ ಬಂದಿದ್ದ ಅರವತ್ತು ಜನ ಶಿಕ್ಷಕರು, ಅವರಲ್ಲಿ ನಿವೃತ್ತಿಗೆ ಆರೇ ತಿಂಗಳಿದ್ದವರೂ ಇದ್ದರು, ಎದ್ದು ನಿಂತು ಅಂಗೈಗಳನ್ನು ಕಿವಿಯ ಪಕ್ಕ ಆಡಿಸುತ್ತ ಊ ಊ ಊ ಎಂದರು. ಹಿಂದಿನ ಸಾಲಿನಲ್ಲಿ ಅನುರಾಧಾ ಒಬ್ಬಳೇ ಕೂತಿದ್ದಳು.

"ಮೇಡಂ, ಏಳ್ರಿ. ನಾವು ನಾಚಿದ್ರ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕ್ರಿ" ಎಂದರು ತರಬೇತಿ ಕೊಡುತ್ತಿದ್ದ ಶಿವಪುತ್ರ ಸರ್.

"ನಾಚಿಕಿ ಅಲ್ರಿ ಸರ್. ತ್ವಾಳ ಹಾಂಗ ಹಾಡೂದಿಲ್ರಿ."

"ಮತ್ತ ಹ್ಯಾಂಗ ಹಾಡ್ತೈತ್ರಿ? ನೀವು ತಬಲಾ ಬಾರಿಸಿದ್ರೇನು?"

ಅರವತ್ತು ಜನ ನಕ್ಕರು. ಅನುರಾಧಾ ಎದ್ದಳು, ಕೈಗಳನ್ನು ಕಿವಿಯವರೆಗೆ ಒಯ್ದಳು, ಬಾಯಿ ಮಾತ್ರ ತೆರೆಯಲಿಲ್ಲ. ಹಾಡಿನ ನಂತರ ಕರಡಿ ಬಂತು, ಐಸ್‌ಕ್ರೀಮ್ ತಿನ್ನುತ್ತ. ಹುಲಿ ಬಂತು, ಹಲ್ಲುಜ್ಜುತ್ತ. ಕೊನೆಗೆ ಬಂದ ಪೆಂಗ್ವಿನ್‌ಗೆ ಏನು ಮಾಡಿಸಬೇಕೆಂದು ಹಾಡು ಕಟ್ಟಿದವರಿಗೆ ತೋಚಿರಲಿಲ್ಲವೇನೋ, ಅದು ಸುಮ್ಮನೆ ಆ ಕಡೆ ಈ ಕಡೆ ವಾಲುತ್ತ ನಡೆಯಿತು. ಸಂಜೆ ಸಾವಳಗಿ ಬಸ್ಸಿನಲ್ಲಿ ನಿಂತು ಬರುವಾಗ ಅವಳಿಗೆ ಅನಿಸಿದ್ದು ಇಷ್ಟೇ: ಇವರು ಒಂದಾದರೂ ಕಾಡುಪ್ರಾಣಿಯ ಕಣ್ಣನ್ನು ನೋಡಿದ್ದರೆ ಅದಕ್ಕೆ ಚಡ್ಡಿ ಹಾಕುವ ಧೈರ್ಯ ಬರುತ್ತಿರಲಿಲ್ಲ.

ಅವಳು ನೋಡಿದ್ದಳು. ಹುನ್ನೂರಿನ ಸುತ್ತ ಇನ್ನೂರು ಕುರಿ ಮೇಯಿಸುವ ಜಕ್ಕಪ್ಪನ ಮಗಳು ಅವಳು. ಏಳು ವರ್ಷದವಳಿದ್ದಾಗ, ಮಟಮಟ ಮಧ್ಯಾಹ್ನ, ಅವಳಿಂದ ನಾಲ್ಕು ಮಾರು ದೂರದಲ್ಲಿದ್ದ ಮರಿಯೊಂದು ಇಲ್ಲವಾಯಿತು. ಸಪ್ಪಳವಿಲ್ಲ, ಧೂಳಿಲ್ಲ. ತಾಯಿಕುರಿ ಒಮ್ಮೆ ತಲೆಯೆತ್ತಿತು, ಅಷ್ಟೆ. ಒಡ್ಡಿನ ಆಚೆ ಬೂದು ಬೆನ್ನೊಂದು ಸರಿದುಹೋಗುವುದನ್ನು ಕಂಡ ಜಕ್ಕಪ್ಪ ಕೂಗು ಹಾಕಿದ. ಅದಕ್ಕೆ ಹೆಸರಿಲ್ಲ, ಅವರ ಮನೆಯಲ್ಲಿ ಅದು ಬರೀ ಕೂಗು. ಹೊಟ್ಟೆಯೊಳಗಿಂದ ತಗ್ಗಾಗಿ ಎದ್ದು, ಗಂಟಲಲ್ಲಿ ದಪ್ಪವಾಗಿ, ಕೊನೆಗೆ ಮಡಕೆ ಒಡೆದಂತೆ ಒಡೆಯುತ್ತದೆ. ಅದು ಕಿವಿಗೆ ಬಿದ್ದರೆ ಚೆದುರಿದ ಕುರಿಗಳೆಲ್ಲ ಮೇವು ಬಿಟ್ಟು ಕೂಗಿದವನ ಕಾಲ ಬಳಿಗೆ ಓಡಿ ಬರುತ್ತವೆ. ನಾಯಿಗಳು ಹಿಂಡಿನ ಸುತ್ತ ಬಾಣದಂತೆ ತಿರುಗುತ್ತವೆ. ತೋಳ ಕಂಡಾಗ ಮಾತ್ರ ಆ ಕೂಗು. ಮತ್ತಾವಾಗಲೂ ಇಲ್ಲ, ಆಟಕ್ಕಂತೂ ಇಲ್ಲವೇ ಇಲ್ಲ. ಒಮ್ಮೆ ಅನುರಾಧಾ ಮನೆಯ ಹಿಂದೆ ನಿಂತು ಕೂಗಿ ನೋಡಿದ್ದಕ್ಕೆ ತಾಯಿ ಹೊಳೆವ್ವ ಅವಳ ಬೆನ್ನಿಗೆ ಬಾರಿಸಿ, ಬೀರೇಶ್ವರನ ಗುಡಿಗೆ ಎಳೆದುಕೊಂಡು ಹೋಗಿ ಮೂಗು ತಿಕ್ಕಿಸಿದ್ದಳು.

ಓದಿ ಬಿ.ಇಡಿ. ಮುಗಿಸಿದ ಮೇಲೆ ಅವಳು ಊರಿನಿಂದ ಎರಡು ಮೈಲಿ ದೂರದ ತೋಟದ ಶಾಲೆಗೆ ಅತಿಥಿ ಶಿಕ್ಷಕಿಯಾದಳು. ಅತಿಥಿ ಎಂದರೆ ಪ್ರತಿ ವರ್ಷ ಹೊಸದಾಗಿ ಕರೆಸಿಕೊಳ್ಳಬೇಕಾದವಳು. ಈ ಸಲ ಕರೆಯುವುದು ಬಿಡುವುದು ಶಿವಪುತ್ರ ಸರ್ ಅವರ ವರದಿಯ ಮೇಲಿತ್ತು: ಒಂದನೆಯ ತರಗತಿಯ ಹದಿನೆಂಟು ಮಕ್ಕಳಿಗೆ ಕಾಡುಪ್ರಾಣಿಗಳನ್ನು ಇಂಗ್ಲಿಷ್ ಹಾಡಿನಲ್ಲಿ ಕಲಿಸಿ ತೋರಿಸಬೇಕು, ಅವರು ಬಂದು ನೋಡುತ್ತಾರೆ. ಆ ಹದಿನೆಂಟು ಮಕ್ಕಳ ಬಾಯಲ್ಲಿ ಇಂಗ್ಲಿಷ್ ಮೊದಲ ಸಲ ಅರಳುವುದನ್ನು ಹತ್ತಿರ ಕೂತು ಕೇಳುವುದಕ್ಕಿಂತ ದೊಡ್ಡ ಸುಖ ಅವಳಿಗೆ ಬೇರೆ ಇರಲಿಲ್ಲ. ಅದು ಹೋಗಬಾರದಿತ್ತು.

"ಸುಮ್ನ ಅವ್ರ ಹಾಡss ಹಾಡ್ಸಿಬಿಡ್ರಿ ಮೇಡಂ" ಎಂದು ಮುಖ್ಯಗುರು ಚಿದಾನಂದ ಸರ್ ಬೇಡಿಕೊಂಡರು. "ತ್ವಾಳಕ್ಕ ಚಡ್ಡಿ ಇದ್ರೇನು, ಇಲ್ದಿದ್ರೇನು. ನಮಗ ಚಡ್ಡಿ ಉಳೀಬೇಕು."

ಅವಳು ಒಪ್ಪಲಿಲ್ಲ. ತಾನೇ ಹಾಡು ಕಟ್ಟಿದಳು. ಪದಗಳು ಇಂಗ್ಲಿಷಿನವು, ನಡೆ ಡೊಳ್ಳಿನದು. ಮಕ್ಕಳಿಗೆ ಗೊತ್ತಿದ್ದ ಪ್ರಾಣಿಗಳು ಮಾತ್ರ ಅದರಲ್ಲಿದ್ದವು: ಕಬ್ಬು ಮುರಿಯುವ ಕಾಡುಹಂದಿ, ಬಾವಿಯ ಕಲ್ಲಿನ ಸಂದಿಯ ಉಡ, ನರಿ, ಮುಂಗುಸಿ. ಒಂದೊಂದರ ಸದ್ದನ್ನೂ ಮಕ್ಕಳು ಮಾಡುತ್ತಿದ್ದರು. ಕೊನೆಯಲ್ಲಿ "ವೇರ್ ಈಸ್ ದಿ ವುಲ್ಫ್? ಇನ್ ದಿ ಶುಗರ್‌ಕೇನ್. ವಾಟ್ ಡಸ್ ಹಿ ಸೇ?" ಎಂದು ಕೇಳಿದಾಗ ಹದಿನೆಂಟು ಬಾಯಿಗಳೂ ಒಟ್ಟಿಗೆ ಮುಚ್ಚಬೇಕು. ನಾಲ್ಕು ಎಣಿಸುವಷ್ಟು ಹೊತ್ತು ಉಸಿರಿನ ಸಪ್ಪಳವೂ ಇಲ್ಲ. ಹಾಡಿನ ಅತಿ ಕಷ್ಟದ ಜಾಗ ಅದೇ. ಅದನ್ನು ಕಲಿಸಲು ಅವಳಿಗೆ ಹನ್ನೆರಡು ದಿನ ಹಿಡಿಯಿತು. ವಂದನಾ ಎಂಬ ಮುಂದಿನ ಹಲ್ಲು ಬಿದ್ದ ಹುಡುಗಿಯಂತೂ ಆ ನಾಲ್ಕು ಎಣಿಕೆಯಲ್ಲಿ ಕಬ್ಬಿನೊಳಗೆ ಕಣ್ಣು ನೆಟ್ಟವಳಂತೆ ಗೋಡೆ ನೋಡುತ್ತಿದ್ದಳು.

ಶಿವಪುತ್ರ ಸರ್ ಬಂದ ದಿನ ಜಕ್ಕಪ್ಪನ ಹಿಂಡು ಶಾಲೆಯ ಪಕ್ಕದ ಪರಮಾನಂದ ಗೌಡರ ಹೊಲದಲ್ಲಿತ್ತು. ಗೊಬ್ಬರಕ್ಕೆಂದು ಗೌಡರು ಕುರಿ ಕೂಡ್ರಿಸಿಕೊಂಡಿದ್ದರು. ಸರ್ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಒಳಗೆ ಬಂದರು, ಕುರ್ಚಿಯನ್ನು ಒರೆಸಿ ಕೂತರು, ಮೊಬೈಲ್ ಎತ್ತಿ ಹಿಡಿದರು. ಮಕ್ಕಳು ಹಂದಿಯನ್ನು ಹಾಡಿದರು, ನರಿಯನ್ನು ಹಾಡಿದರು. ತೋಳ ಬಂತು. ತರಗತಿ ನಿಶ್ಶಬ್ದವಾಯಿತು.

ಎರಡು ಎಣಿಸುವಷ್ಟರಲ್ಲಿ ಸರ್ ಮೊಬೈಲ್ ಇಳಿಸಿದರು. "ಮರ್ತ್ರು ನೋಡ್ರಿ. ಪಾಪ."

"ಮರ್ತಿಲ್ರಿ ಸರ್. ತ್ವಾಳ ಕುರಿಗೆ ಬಂದಾಗ ಸಪ್ಪಳ ಮಾಡೂದಿಲ್ರಿ. ಅದನ್ನss ಹಾಡ್ಯಾರ್ರಿ."

"ಸಪ್ಪಳ ಮಾಡ್ಲಿಲ್ಲಂದ್ರ ಅದು ಹಾಡು ಹ್ಯಾಂಗ ಆಗ್ತೈತ್ರಿ? ಸುಮ್ನ ಕುಂದ್ರೂದು ಇಂಗ್ಲಿಷ್ ಏನು?" ಸರ್ ಮುಖ್ಯಗುರುಗಳ ಕಡೆ ತಿರುಗಿ ನಕ್ಕರು. "ಕುರಿ ಕಾಯೋರ ಮನೀದು ಹಿಂಗss ನೋಡ್ರಿ. ಮಕ್ಕಳನ್ನೂ ಮೇಯಾಕ ಬಿಟ್ಟಾರ. ಮೇಡಂ, ಒಂದರss ಸೌಂಡ್ ಮಾಡಿ ತೋರಸ್ರಿ. ತ್ವಾಳಂದ್ರ ಏನಂತ ನಮಗೂ ಗೊತ್ತಾಗ್ಲಿ" ಎಂದು ಮತ್ತೆ ಮೊಬೈಲ್ ಎತ್ತಿ ಹಿಡಿದರು.

ಅನುರಾಧಾ ಕಿಟಕಿಯ ಹತ್ತಿರ ಹೋದಳು. ಒರೆಸಿದ ಕುರ್ಚಿಯನ್ನು, ಮೂಗಿನ ಕರ್ಚೀಫನ್ನು, ಆ ನಗುವನ್ನು ಒಂದೊಂದಾಗಿ ನೋಡಿದಳು. ಇಂಥವನಿಗೆ ಉತ್ತರ ಮಾತಿನಲ್ಲಿ ಕೊಡಬಾರದು ಎನಿಸಿತು. ಉಸಿರು ಎಳೆದು, ಕೂಗು ಹಾಕಿದಳು.

ಇಪ್ಪತ್ತು ವರ್ಷದ ಮೇಲೂ ಅದು ಹೊಟ್ಟೆಯಲ್ಲಿ ಹಾಗೇ ಇತ್ತು. ಹೊಲದಲ್ಲಿ ಇನ್ನೂರು ತಲೆಗಳು ಎದ್ದವು. ಮೊದಲು ಗೊರಸಿನ ಸದ್ದು, ಆಮೇಲೆ ಧೂಳು, ಆಮೇಲೆ ಶಾಲೆಯ ಅಂಗಳ ತುಂಬ ಕುರಿ. ಬಾಗಿಲಲ್ಲಿ ನುಗ್ಗಿದವು, ಬೆಂಚಿನ ಕೆಳಗೆ ನುಸುಳಿದವು, ಅನುರಾಧಾಳ ಸೀರೆಯ ನಿರಿಗೆಗೆ ತಲೆಯೊತ್ತಿ ನಿಂತವು. ಎರಡು ನಾಯಿಗಳು ಶಾಲೆಯನ್ನೇ ಸುತ್ತತೊಡಗಿದವು. ಶಿವಪುತ್ರ ಸರ್ ಕುರ್ಚಿಯ ಮೇಲೆ ಹತ್ತಿ, ಅಲ್ಲೂ ಸಾಲದೆ ಮೇಜಿನ ಮೇಲೆ ಹತ್ತಿದ್ದರು. ಮಕ್ಕಳು ಕುಣಿದಾಡಿದರು. ಚಿದಾನಂದ ಸರ್ ಗೋಡೆಗೆ ಒರಗಿ, ನಗು ತಡೆಯಲಾರದೆ ಹಾಜರಿ ಪುಸ್ತಕವನ್ನು ಮುಖಕ್ಕೆ ಹಿಡಿದುಕೊಂಡಿದ್ದರು. ಅನುರಾಧಾಳ ಎದೆಯಲ್ಲಿ ತಣ್ಣಗಿನ, ಸಿಹಿಯಾದ ಏನೋ ಇಳಿಯಿತು.

ಆಗ ಜಕ್ಕಪ್ಪ ಓಡಿಬಂದ. ಚಪ್ಪಲಿ ಕಾಲಲ್ಲಿರಲಿಲ್ಲ. ಕೈಯ ಬಡಿಗೆ ಎತ್ತಿಯೇ ಇತ್ತು. "ಎಲ್ಲೈತಿ? ಯಾವ ಕಡಿ ಹೋತು?"

ಅನುರಾಧಾ ಸೀರೆಗೆ ಒತ್ತಿ ನಿಂತಿದ್ದ ಕುರಿಯ ತಲೆಯ ಮೇಲೆ ಕೈಯಿಟ್ಟಳು.

"ಏನೂ ಇಲ್ಲೋ ಯಜಮಾನ" ಎಂದರು ಸರ್ ಮೇಜಿನ ಮೇಲಿಂದ. "ನಿನ್ನ ಮಗಳು ಪಾಠ ಮಾಡಿ ತೋರಿಸಿದ್ಳು. ಬಾಳ ಛಲೋ ಆತು."

ಜಕ್ಕಪ್ಪ ಬಡಿಗೆ ಇಳಿಸಿದ. ಮಗಳನ್ನು ನೋಡಿದ, ಅವರನ್ನು ನೋಡಿದ, ಮತ್ತೆ ಮಗಳನ್ನು ನೋಡಿದ. "ಹಾಡಿಗಿ ಕರದಿಯೇನವ್ವಾ?" ಎಂದ. ಅಷ್ಟೇ. ನಾಯಿಗಳ ತಲೆ ಸವರಿ ಕುರಿ ಹೊಡೆದುಕೊಂಡು ಹೋದ.

ಮೇಜಿನಿಂದ ಇಳಿದ ಶಿವಪುತ್ರ ಸರ್ ಬೇರೆಯೇ ಮನುಷ್ಯರಾಗಿದ್ದರು. ಮೊಬೈಲಿನಲ್ಲಿ ಎಲ್ಲ ಬಂದಿತ್ತು. ಇದು ಜಿಲ್ಲೆಗೇ ಮಾದರಿ, ಬರುವ ತಿಂಗಳು ಜಮಖಂಡಿಯಲ್ಲಿ ಎಲ್ಲರ ಮುಂದೆ ಹದಿನೆಂಟೂ ಮಕ್ಕಳಿಂದ ಈ ಕೂಗು ಹಾಕಿಸಿ, ವರದಿ ಅಲ್ಲಿಯೇ ಬರೆದು ಸಹಿ ಮಾಡುತ್ತೇನೆ ಎಂದರು. ಕರ್ಚೀಫು ಈಗ ಬೆವರು ಒರೆಸುತ್ತಿತ್ತು.

ಮರುದಿನದಿಂದ ಮಕ್ಕಳಿಗೆ ಬೇರೆ ಹಾಡೇ ಬೇಡವಾಯಿತು. ಶಾಲೆ ಬಿಟ್ಟೊಡನೆ ಕಾಲುವೆಯ ದಂಡೆಯಲ್ಲಿ ಸಾಲಾಗಿ ನಿಂತು ಕೂಗುತ್ತಿದ್ದರು. ವಂದನಾಳ ಕೂಗಂತೂ ಬಿದ್ದ ಹಲ್ಲಿನ ಸಂದಿಯಿಂದಲೂ ತಪ್ಪದೆ ಒಡೆಯಬೇಕಾದಲ್ಲಿ ಒಡೆಯುತ್ತಿತ್ತು. ಮೊದಲ ದಿನ ಹಿಂಡು ಓಡಿಬಂತು. ಎರಡನೆಯ ದಿನ ಅರ್ಧ ಬಂತು. ನಾಲ್ಕನೆಯ ದಿನ ಅನುರಾಧಾ ಕಿಟಕಿಯಿಂದ ನೋಡುತ್ತಿದ್ದಳು: ಮಕ್ಕಳು ಕೂಗಿದರು, ದೊಡ್ಡ ನಾಯಿ ಒಂದು ಕಿವಿ ಎತ್ತಿತು, ಮತ್ತೆ ಕಾಲಿನ ಮೇಲೆ ತಲೆಯಿಟ್ಟು ಮಲಗಿತು.

ಬೈದಳು, ಕೇಳಲಿಲ್ಲ. ಬೇಡ ಎಂದಷ್ಟೂ ಮಕ್ಕಳಿಗೆ ರುಚಿ ಹೆಚ್ಚಿತು. ಜಕ್ಕಪ್ಪ ಗೌಡರ ಹೊಲ ಬಿಟ್ಟು ಸಾವಳಗಿಯ ಕಡೆ ಹಿಂಡು ಹೊಡೆದ. ಹೋಗುವ ಮುನ್ನ ಮನೆಗೆ ಬುತ್ತಿಗೆ ಬಂದವನು ಮಗಳ ಜೊತೆ ಮಾತಾಡಲಿಲ್ಲ. ಹೊಳೆವ್ವನೇ ರೊಟ್ಟಿ ಕಟ್ಟುತ್ತ ಹೇಳಿದಳು.

"ನಿನಗ ಆ ಸಾಹೇಬನ್ನ ನಾಚಸಬೇಕಾಗಿತ್ತು. ನಾಚಸಿದಿ. ಆ ನಾಯಿಗೆ ಯಾರು ತಿಳಿಸಿ ಹೇಳೂರಬೇ, ಅವತ್ತಿಂದು ಸುಳ್ಳು, ನಾಳಿಂದು ಖರೆ ಅಂತ?"

"ತಪ್ಪಾತವ್ವ."

"ನನ್ನ ಮುಂದ ಅಂದ್ರ ಏನು ಬಂತು."

ಆ ರಾತ್ರಿ ಅವಳು ನಿದ್ದೆ ಮಾಡಿದಳು. ಅಳಲಿಲ್ಲ, ಅಳುವವರನ್ನೂ ಅವಳು ಹಗುರವಾಗಿಯೇ ಕಾಣುತ್ತಿದ್ದಳು. ಬೆಳಿಗ್ಗೆ ತರಗತಿಗೆ ಹೋಗಿ ತಾನು ಕಟ್ಟಿದ ಹಾಡನ್ನು ಬಿಟ್ಟಳು. ಹಂದಿ, ನರಿ, ಉಡ ಹಾಡಿದರೆ ಮಕ್ಕಳು ಮುಂದೆ ಬರುವ ತೋಳಕ್ಕೆ ಕಾಯುತ್ತಿದ್ದರು, ಕೂಗುತ್ತಿದ್ದರು. ಅದರ ಬದಲು ಇಲ್ಲಿ ಯಾವ ಕಬ್ಬಿನಿಂದಲೂ ಹೊರಬೀಳದ ಪ್ರಾಣಿಗಳನ್ನು ತಂದಳು. ತಿಮಿಂಗಿಲ ಬಂತು, ಕಾಂಗರೂ ಬಂತು, ಜಿರಾಫೆ ಬಂತು. ಪೆಂಗ್ವಿನ್ ಬಂದ ದಿನ ಕೈಗಳನ್ನು ತೊಡೆಗೆ ಅಂಟಿಸಿಕೊಂಡು, ಪಾದ ಹೊರಚಾಚಿ, ವಾಲುತ್ತ ತರಗತಿ ಸುತ್ತಿದಳು. ತನ್ನ ನೆರಳನ್ನು ಗೋಡೆಯ ಮೇಲೆ ಕಂಡು ಅವಳಿಗೆ ಹೇಸಿಗೆಯಾಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ದಿನಕ್ಕೆ ಇಪ್ಪತ್ತು ಸಲ ಹಾಡಿಸಿದಳು, ಊಟದ ಗಂಟೆಯಲ್ಲೂ ಹಾಡಿಸಿದಳು. ಮೂರನೆಯ ವಾರ ಶಾಲೆ ಬಿಟ್ಟ ಮೇಲೆ ಕಾಲುವೆಯ ದಂಡೆಯ ಮೇಲೆ ಹದಿನೆಂಟು ಪೆಂಗ್ವಿನ್‌ಗಳು ಹೋಗುತ್ತಿದ್ದವು. ಯಾರೂ ಕೂಗಲಿಲ್ಲ.

ಜಮಖಂಡಿಯಲ್ಲಿ ಹಾಲ್ ತುಂಬಿತ್ತು. ಮಕ್ಕಳನ್ನು ಕರೆತಂದಿಲ್ಲ, ಒಬ್ಬಳೇ ಬಂದಿದ್ದೇನೆ ಎಂದಾಗ ಶಿವಪುತ್ರ ಸರ್ ಮುಖ ಸಣ್ಣದು ಮಾಡಿದರು. ಆದರೂ ಮೈಕ್ ಹಿಡಿದು ಅವಳನ್ನು ಕರೆದರು. ಎಲ್ಲರೂ ಮೊಬೈಲ್ ಎತ್ತಿದರು. ಅನುರಾಧಾ ವೇದಿಕೆ ಹತ್ತಿ, ಕೈ ತೊಡೆಗೆ ಅಂಟಿಸಿ, ಪೆಂಗ್ವಿನ್ ಹಾಡು ಶುರು ಮಾಡಿದಳು.

ಸರ್ ಹತ್ತಿರ ಬಂದು ಸಣ್ಣಗೆ ಹೇಳಿದರು: "ಮೇಡಂ, ಇದಲ್ರಿ. ಆ ಕೂಗು."

"ಅದು ಬರೂದಿಲ್ರಿ ಸರ್."

"ಅವತ್ತ ಬಂದಿತ್ತಲ್ರಿ."

"ಮರ್ತೇನ್ರಿ."

ಸರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟ ಅವಳಿಗೆ ಚೆನ್ನಾಗಿ ಪರಿಚಯವಿತ್ತು; ಇಷ್ಟು ವರ್ಷ ಅದನ್ನು ಬೇರೆಯವರ ಮೇಲೆ ತಾನೇ ಬೀರುತ್ತ ಬಂದಿದ್ದಳು. "ಹಂಗಾರ ವರದಿಯೊಳಗ ನಿಮ್ಮ ಹೆಸರು ಬರಿಯಾಕ ನನಗ ಬರೂದಿಲ್ರಿ" ಎಂದು ಕಡತ ಮುಚ್ಚಿದರು.

"ಆತ್ರಿ" ಎಂದಳು ಅನುರಾಧಾ.

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಾಡಿನಲ್ಲಿ ಇನ್ನೊಂದು ನುಡಿ ಉಳಿದಿತ್ತು. ಅವಳು ಪಾದ ಹೊರಚಾಚಿ, ವಾಲುತ್ತ, ವೇದಿಕೆಯ ಈ ತುದಿಯಿಂದ ಆ ತುದಿಯವರೆಗೆ ನಡೆದು ಅದನ್ನೂ ಮುಗಿಸಿದಳು.