ಸರ್ ಮನೆಯ ಎಮ್ಮೆ ಮತ್ತು ನನ್ನ ಮೇಲ್

ಗೆಳೆಯರೇ, ಇವತ್ತು ಸವದತ್ತಿಯ ಭಾನುವಾರದ ಕ್ಲಾಸಿನಲ್ಲಿ ಸರ್ ನನ್ನ ಇ-ಮೇಲನ್ನು ಎಲ್ಲರೆದುರು ಓದಿದರು. ಐದನೇ ತರಗತಿಗೇ ಶಾಲೆ ಬಿಟ್ಟ ನಾನು ಈಗ ನೇರವಾಗಿ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದ್ದೇನೆ.

"'ಸರ, ಆರಾಮ ಅದೀರಿ? ಊಟ ಆತ್ರಿ? ಎಮ್ಮಿ ಕರಾ ಹಾಕಿತೇನ್ರಿ?' ಇಷ್ಟಽ ಐತಿ. ಎಮ್ಮಿ ಕರಾ ಹಾಕೇತ್ರೆಪಾ. ಆದ್ರ ಕೇಳಿದವರು ಯಾರು? ಐಡಿ ಯಾವದೋ ಟೇಲರ್ ಅಂಗಡೀದು, ಕೆಳಗ ಹೆಸರಽ ಇಲ್ಲ!"

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಕೈ ಎತ್ತಲಿಲ್ಲ. ನಮ್ಮ ಊರು ಹೂಲಿಯಲ್ಲಿ ಮೊದಲು ಕ್ಷೇಮ ಕೇಳಿ, ಎದುರಿನವರು ಉತ್ತರ ಕೊಟ್ಟ ಮೇಲೆಯೇ ಬಂದ ಕೆಲಸ ಹೇಳುವುದು. ಆ ಉತ್ತರಕ್ಕಾಗಿ ವಾರವಿಡೀ ಕಾಯುತ್ತಿದ್ದೆ.

"ಮೇಲ್ ಅಂದ್ರ ಕಟ್ಟಿ ಮ್ಯಾಲಿನ ಹರಟಿ ಅಲ್ರೆಪಾ. ಮ್ಯಾಲ ವಿಷಯ, ಕೆಳಗ ಹೆಸರು, ನಡುವ ಏನ ಬೇಕು ಅಷ್ಟಽ ಬರೀರಿ," ಎಂದರು ಸರ್.

ನನಗೆ ಬೇಕಾದದ್ದು ಬುಧವಾರದ ಟೆಸ್ಟನ್ನು ಇನ್ನೊಂದು ದಿನ ಬರೆಯಲು ಅನುಮತಿ. ಟೆಸ್ಟ್ ಬರೆಯದವರನ್ನು ಸರ್ ಪರೀಕ್ಷೆಗೆ ಕಳಿಸುವುದಿಲ್ಲ. ಬೈಲಹೊಂಗಲದಲ್ಲಿ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯಲ್ಲಿ ಬುಧವಾರ ರಜೆ ಸಿಗುವುದಿಲ್ಲ, ಗುರುವಾರ ಸಿಗುತ್ತದೆ. ಕ್ಲಾಸು ಮುಗಿಸಿ ಬೈಲಹೊಂಗಲದ ಬಸ್ಸಿನಲ್ಲಿ ಕೂತು ಸರ್ ಹೇಳಿದಂತೆಯೇ ಮೇಲ್ ಬರೆದೆ. ಬಸ್ ಇಳಿಯುವುದರೊಳಗೆ ಉತ್ತರ ಬಂತು: "ಆಗಲಿ. ಗುರುವಾರ ಬರೆ."

ಕೆಲಸ ಆಯಿತು. ರೂಮಿಗೆ ಬಂದು, "ಕರಾ ಹೆಣ್ಣೋ ಗಂಡೋ ಸರ?" ಎಂದು ಟೈಪ್ ಮಾಡಿದೆ. ವಿಷಯದ ಜಾಗದಲ್ಲಿ ಏನು ಬರೆಯಬೇಕೋ ತಿಳಿಯದೆ ಅಳಿಸಿದೆ.

ಈ ಗ್ರೂಪಿನಲ್ಲಿ ವಿಷಯ ಹಾಕಬೇಕಾಗಿಲ್ಲವಲ್ಲ, ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮದೆಲ್ಲ ಊಟ ಆಯಿತೇ?